ನಿಲ್ಲುವುದಕ್ಕೆ ಖರ್ಚು ಮಾಡಿದವನು

ಓಡುವುದಕ್ಕೆ ಖರ್ಚು ಮಾಡಿದವನನ್ನು ನಮ್ಮ ಹೊಸಪೇಟೆಯ ಜನ ಗೌರವದಿಂದ ನೋಡುತ್ತಾರೆ. ನಿಲ್ಲುವುದಕ್ಕೆ ಖರ್ಚು ಮಾಡಿದವನನ್ನು ತಲೆ ಕೆಟ್ಟವನೆನ್ನುತ್ತಾರೆ. ಬೈಕಿಗೆ ಗುಡುಗುವ ಸೈಲೆನ್ಸರ್ ಹಾಕಿಸಿ ಓಣಿಯ ಕೂಸುಗಳನ್ನೆಲ್ಲ ಎಬ್ಬಿಸುವವನಿಗೆ ಚಹಾದಂಗಡಿಯ ಬೆಂಚಿನಲ್ಲಿ ಸರಿದು ಜಾಗ ಕೊಡುತ್ತಾರೆ. ಹೊಸ ಹಾರ್ನ್ ಹಾಕಿಸಿದರೆ ಒಬ್ಬೊಬ್ಬರಾಗಿ ಬಂದು ಬಾರಿಸಿ ನೋಡುತ್ತಾರೆ. ನಾನು ನನ್ನ ಹಳೆಯ ಬೈಕಿನ ಮುಂದಿನ ಗಾಲಿಗೆ ದೊಡ್ಡ ಬ್ರೇಕ್ ಡಿಸ್ಕ್ ಹಾಕಿಸುತ್ತೇನೆಂದಾಗ ಮಾತ್ರ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂಬಂತೆ ಎಲ್ಲರೂ ದನಿ ತಗ್ಗಿಸಿ ಮಾತಾಡತೊಡಗಿದರು. ಮಾತಾಡಿಕೊಳ್ಳಲಿ. ನಾನು ಹಾಕಿಸಿಯೇ ತೀರಿದೆ.

ಯಶವಂತನಗರದ ಗಣಿ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ದಿನಾ ಹೋಗಿ ಬರುವ ದಾರಿಯಲ್ಲಿ ಮುಂದೊಂದು ಅದಿರು ಲಾರಿ, ಹಿಂದೊಂದು ಅದಿರು ಲಾರಿ, ನಡುವೆ ಕೆಂಪು ಧೂಳು, ಧೂಳಿನೊಳಗೆ ನಾನು. ಬೆಳಿಗ್ಗೆ ಬಿಳಿ ಅಂಗಿಯಲ್ಲಿ ಹೊರಟವನು ಸಂಜೆ ಯಾವ ಬಣ್ಣದಲ್ಲಿ ಮನೆಗೆ ಬರುತ್ತೇನೆಂಬುದು ಲಾರಿಗಳ ಮರ್ಜಿ. ಒಂದು ದಿನ ಹೆಂಡತಿ ಶಾರದೆಯೂ ಹಿಂದೆ ಕೂತಿದ್ದಳು. ಸಂಡೂರಿನ ಘಾಟಿಯಲ್ಲಿ ಎಮ್ಮೆಯೊಂದು ಅಡ್ಡ ಬಂದು ಮುಂದಿನ ಲಾರಿ ಗಕ್ಕನೆ ನಿಂತಿತು. ನಾನೂ ಬ್ರೇಕ್ ಒತ್ತಿದೆ. ಸವೆದುಹೋದ ಡಿಸ್ಕು ಕಿರ್ರೆಂದು ಅತ್ತಿತೇ ಹೊರತು ಹಿಡಿಯಲಿಲ್ಲ. ಲಾರಿಯ ಹಿಂಬದಿಯ ಬರಹವನ್ನು ಮೂಗಿನಿಂದ ಓದುವಷ್ಟು ಹತ್ತಿರಕ್ಕೆ ಹೋಗಿ ನಿಂತೆವು. ಶಾರದೆ ಅಲ್ಲೇ ಇಳಿದು ಬಸ್ಸು ಹತ್ತಿದಳು. ಆಮೇಲೆ ನನ್ನ ಗಾಡಿಯ ಮೇಲೆ ಕೂರಲೇ ಇಲ್ಲ.

ಅವಳ ತಮ್ಮ ನಾಗರಾಜ ಮರಿಯಮ್ಮನಹಳ್ಳಿಯವನು. ಅಕ್ಕನ ಫೋನು ಹೋದದ್ದೇ ತಡ, ನನ್ನ ಬೈಕಿಗೆ ಗಿರಾಕಿಯನ್ನೇ ಗೊತ್ತು ಮಾಡಿಕೊಂಡು ಬಂದ. ನಾನು ಡಿಸ್ಕಿನ ವಿಷಯ ಎತ್ತಿದಾಗ ಅವನು, "ಮಾಮ, ಮಂದಿ ಗಾಡಿ ಜೋರ್ ಓಡ್ಲಿ ಅಂತ ರೊಕ್ಕ ಸುರೀತಾರ. ನೀವು ನಿಂದ್ರಾಕ ಸುರೀತೀರಿ. ನಿಂದ್ರಾದಾದ್ರ ಮನ್ಯಾಗ ನಿಂದರ್ರಿ, ಪುಕ್ಕಟ ಐತಿ" ಅಂದ. ನನಗೆ ರೇಗಿತು. ಬ್ರೇಕ್ ಕೆಟ್ಟರೆ ಬ್ರೇಕ್ ಬದಲಿಸಬೇಕು, ಗಾಡಿಯನ್ನಲ್ಲ. ಹಲ್ಲು ನೋಯುತ್ತದೆಂದು ಯಾರಾದರೂ ಬಾಯಿ ಮಾರುತ್ತಾರೆಯೇ? ಮದುವೆಗೂ ಮುಂಚಿನಿಂದ ನನ್ನ ಜೊತೆ ಧೂಳು ತಿಂದ ಗಾಡಿ ಅದು. ಅದನ್ನು ಬೇರೆಯವರ ಅಂಗಳದಲ್ಲಿ ನೋಡುವ ಶಕ್ತಿ ನನಗಿಲ್ಲ. ಕೊನೆಗೆ ಶಾರದೆಯೇ ತೀರ್ಪು ಕೊಟ್ಟಳು: "ಹಾಕಸ್ರಿ ನಿಮ್ ದೊಡ್ ಡಿಸ್ಕು. ನಾ ಹಿಂದ ಕುಂದ್ರತೀನಿ. ಘಾಟಿ ಇಳಿಯೂತನಕ ನನ್ನೆದಿ ಒಂದ್ಸಲಾನೂ ಝಲ್ ಅನ್ನಲಿಲ್ಲಾಂದ್ರ ಗಾಡಿ ಇಟ್ಕೋರಿ. ಝಲ್ ಅಂತಂದ್ರ ಮಾರ್ರಿ."

ಗ್ಯಾರೇಜಿನ ಮಸ್ತಾನ ಹಳೆಯ ಡಿಸ್ಕ್ ಬಿಚ್ಚಿ, ಹೊಸದನ್ನು ಕೂರಿಸಿ, ಅದನ್ನು ಕಚ್ಚಿಹಿಡಿಯುವ ಪ್ಯಾಡುಗಳನ್ನೂ ಬದಲಿಸಿ, "ಸ್ವಲ್ಪ ದಿನ ಜೋರ್ ಒತ್ತಬ್ಯಾಡ್ರಿ ಸಾಹೇಬ್ರ, ಪ್ಯಾಡು ಒಗ್ಗಬೇಕು. ಆಮ್ಯಾಲ ನೋಡ್ರಿ, ಮಸ್ತ್ ಹಿಡೀತೈತಿ" ಎಂದ. ತೂತು ತೂತಾಗಿ ಫಳಫಳಿಸುವ ಆ ಡಿಸ್ಕನ್ನು ಓಣಿಯವರೆಲ್ಲ ಬಂದು ನೋಡಿದರು. ನನ್ನ ಅವ್ವ ಹತ್ತಿರ ಕೂತು ನೋಡಿ, ಚಕ್ಕುಲಿ ಅಚ್ಚಿನ ಬಿಲ್ಲೆ ಇದ್ದ ಹಾಗಿದೆ ಎಂದಳು. ಎದುರಾಡದೆ ಮೆಚ್ಚಿಕೊಂಡವಳು ಅವಳೊಬ್ಬಳೇ.

ಪರೀಕ್ಷೆಗೆ ಅಮಾವಾಸ್ಯೆಯ ದಿನ ಗೊತ್ತಾಯಿತು. ನಮ್ಮ ಕಡೆ ಅಮಾವಾಸ್ಯೆಯೆಂದರೆ ಗಾಡಿಗಳ ಹಬ್ಬ. ಲಾರಿ, ಟ್ರ್ಯಾಕ್ಟರು, ಸೈಕಲ್ಲು, ಯಾವುದಕ್ಕೂ ಅಂದು ನಿಂಬೆಹಣ್ಣು ಕಟ್ಟದೆ ಬಿಡುವುದಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಗಾಡಿಯ ಪೂಜೆ ಮುಗಿಸಿದ್ದಳು. ಶಾರದೆ ಸೆರಗು ಬಿಗಿದು ಹಿಂದೆ ಕೂತಳು. ನಾಗರಾಜ ಸಾಕ್ಷಿಯಾಗಿ ತನ್ನ ಗಾಡಿಯಲ್ಲಿ ಹಿಂಬಾಲಿಸಿದ. ಓಣಿಯಲ್ಲಿ ಹಿಂದಿನ ಗಾಲಿಯ ಬ್ರೇಕಿನಲ್ಲೇ ನಿಭಾಯಿಸಿದೆ; ಹೊಸ ಬ್ರೇಕಿನ ಪ್ರತಾಪವನ್ನು ನಾಲ್ಕು ಜನರ ಎದುರು ತೋರಿಸಬೇಕೆಂಬ ಆಸೆ.

ರೈಲ್ವೆ ಗೇಟಿನ ಹತ್ತಿರ ನಾಲ್ಕಲ್ಲ, ನಲವತ್ತು ಜನ ಇದ್ದರು. ಗೇಟು ಬಿದ್ದಿತ್ತು. ಮುಂದೆ ಕಂಪ್ಲಿ ಕಡೆಯ ಕಬ್ಬಿನ ಟ್ರ್ಯಾಕ್ಟರು. ನಾನು ಠೀವಿಯಿಂದ ಎರಡೇ ಬೆರಳಲ್ಲಿ ಮುಂದಿನ ಬ್ರೇಕ್ ಒತ್ತಿದೆ. ಗಾಡಿಗೆ ಅದು ಕೇಳಿಸಲೇ ಇಲ್ಲ. ನಾಲ್ಕೂ ಬೆರಳಲ್ಲಿ ಒತ್ತಿದೆ. ಬೆಣ್ಣೆಯ ಮೇಲೆ ಹೋದ ಹಾಗೆ ಹೋದೆವು. ಹಿಂದಿನ ಬ್ರೇಕು, ಎರಡು ಚಪ್ಪಲಿ, ಮನೆದೇವರು ಎಲ್ಲವನ್ನೂ ಒಟ್ಟಿಗೆ ಒತ್ತಿದ ಮೇಲೆ, ಹೆಲ್ಮೆಟ್ಟಿನೊಳಗೆ ಕಬ್ಬಿನ ಗರಿ ನುಗ್ಗಿದ ಹೊತ್ತಿಗೆ, ಗಾಡಿ ನಿಂತಿತು. ಶಾರದೆ ಇಳಿದು, ನನ್ನ ಕಡೆ ತಿರುಗಿಯೂ ನೋಡದೆ, ತಮ್ಮನ ಗಾಡಿ ಹತ್ತಿ ಮನೆಗೆ ಹೋದಳು.

ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಮಸ್ತಾನ ಡಿಸ್ಕಿನ ಮೇಲೆ ಬೆರಳಾಡಿಸಿ, ಮೂಸಿ, ನನ್ನ ಮುಖವನ್ನೇ ನೋಡುತ್ತ, "ಕೊಬ್ರಿ ಎಣ್ಣಿ ಐತಲ್ರೀ. ಬ್ರೇಕಿಗೆ ಎಣ್ಣಿ ಹಚ್ಚೋರ್ನ ನಾ ಇವತ್ತೇ ನೋಡಿದ್ದು" ಅಂದ.

ಯಾರು ಹಚ್ಚಿದರೆಂದು ನನಗೆ ಕೂಡಲೇ ಹೊಳೆಯಿತು. ನಮ್ಮ ಮನೆಗೆ ಬಂದ ಹೊಸ ಕಬ್ಬಿಣದ ಸಾಮಾನು, ಕುಡುಗೋಲಾಗಲಿ ಹಂಚಾಗಲಿ, ಅವ್ವನ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳದೆ ಬಳಕೆಗೆ ಬಂದದ್ದಿಲ್ಲ. ನನಗೆ ಖುಷಿಯೇ ಆಯಿತು. ತಪ್ಪು ಡಿಸ್ಕಿನದಲ್ಲ, ನನ್ನದಂತೂ ಅಲ್ಲ. ಡಿಸ್ಕ್ ತೊಳೆಸಿ, ಎಣ್ಣೆ ಕುಡಿದ ಪ್ಯಾಡು ಬದಲಿಸಿ, ಭಾಮೈದನ ಮುಖಕ್ಕೆ ಹೇಳಲು ಮಾತು ಜೋಡಿಸಿಕೊಳ್ಳುತ್ತ ಮನೆಗೆ ಬಂದೆ.

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. "ಡಿಸ್ಕಿಗೆ ಯಾರೋ ಎಣ್ಣೆ ಹಚ್ಚಿದ್ದಾರೆ" ಎಂದೆ. ನಾಗರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾರ್ ಮಾಮ, ಅಂಥಾ ಶಾಣ್ಯಾ?"

ಅವ್ವ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದಳು. ಅವಳ ಕೈ ನಿಂತಿತು. "ಕೆಂಪ್ ಧೂಳಿಗೆ ತುಕ್ಕು ಹಿಡೀತೈತಿ ಅಂತ..." ಎಂದು ನಾಗರಾಜನ ನಗುವಿನಲ್ಲಿ ಮುಳುಗಿಹೋಗುವಷ್ಟು ಮೆಲ್ಲಗೆ ಶುರು ಮಾಡಿದವಳು ನನ್ನ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗನನ್ನೂ ಸೊಸೆಯನ್ನೂ ತಾನೇ ಲಾರಿಯ ಕೆಳಗೆ ತಳ್ಳಲು ಹೋದೆನೇನೋ ಎಂಬಂಥ ಹೆದರಿಕೆ ಅವಳ ಕಣ್ಣಲ್ಲಿತ್ತು.

"ತುಕ್ಕು ಹಿಡಿಯಬಾರದೆಂದು ನಾನೇ ಹಚ್ಚಿದೆ. ಏನೀಗ?" ಎಂದೆ.

ಶಾರದೆ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮನೆಯ ಎಣ್ಣೆ ಬಾಟಲಿ ಯಾರ ಕೈಯಲ್ಲಿರುತ್ತದೆಂದು ಅವಳಿಗೆ ಗೊತ್ತು. "ನಾಳೆ ಮತ್ತೊಮ್ಮೆ ಹೋಗೂಣು" ಎಂದಷ್ಟೇ ಹೇಳಿ ಒಳಗೆ ಹೋದಳು. ಮರುದಿನ ಘಾಟಿ ಇಳಿದೆವು. ಗಾಡಿ ಹೇಳಿದಲ್ಲಿ ನಿಂತಿತು, ಶಾರದೆಯ ಎದೆ ಒಮ್ಮೆಯೂ ಝಲ್ ಎನ್ನಲಿಲ್ಲ. ಗಾಡಿ ನಮ್ಮ ಅಂಗಳದಲ್ಲೇ ಉಳಿಯಿತು.

ಉಳಿಯದೇ ಹೋದದ್ದು ನನ್ನ ಮರ್ಯಾದೆ. ನಾಗರಾಜ ಸುದ್ದಿಯನ್ನು ಮರಿಯಮ್ಮನಹಳ್ಳಿಯಿಂದ ವಡ್ಡು ಗ್ರಾಮದವರೆಗೆ ಹರಡಿದ್ದಾನೆ. ಕಚೇರಿಯಲ್ಲಿ ಲಾರಿ ಚಾಲಕರು ಸಾಲಾಗಿ ನಿಂತು, "ಸಾರ್, ಇವತ್ತು ಬ್ರೇಕಿಗೆ ಎಣ್ಣಿ ಹಚ್ಚೀರೋ ಇಲ್ಲೋ?" ಎಂದು ವಿಚಾರಿಸುತ್ತಾರೆ. ಮೊದಮೊದಲು ತಲೆ ತಗ್ಗಿಸುತ್ತಿದ್ದೆ. ಈಗ ಇಲ್ಲ. ಕುರ್ಚಿ ಹಿಂದೆ ಸರಿಸಿ, ಎದ್ದು ನಿಂತು ಹೇಳುತ್ತೇನೆ: ಹೌದು, ಹಚ್ಚಿದ್ದೇನೆ. ಗಾಡಿ ನನ್ನದು, ಬ್ರೇಕು ನನ್ನದು, ಎಣ್ಣೆಯೂ ನನ್ನದೇ.