ಮಾವನವರು ಅಗೆದ ಬಟಾಟಿ

ನಾನು ಉಟಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯಲ್ಲಿ ನನ್ನ ಮಾತು ನಡೆಯುತ್ತದೆ. ಮನೆಯಲ್ಲಿ ಮುಂದೆ ಹೇಳುವಂಥ ಪ್ರಸಂಗಗಳೇ ನಡೆಯುತ್ತಿರುತ್ತವೆ. ದಸರೆಗೆ ಬಂದಿದ್ದ ಶೇಗಾಂವದ ಮಾವನವರು, "ಸಾಲಿ ಕಲಸೂದು ಬ್ಯಾರೆ, ಒಕ್ಕಲತನ ಬ್ಯಾರೆ ಬಿಡ್ರಿ ಅಳಿಯಂದ್ರ," ಎಂದರು. ನನಗೆ ಸಿಟ್ಟು ಬಂತು. "ಸಂಕ್ರಾಂತಿಗಿ ಬರ್ರಿ. ನನ್ನ ಹಿತ್ತಲದಾಗಿನ ಬಟಾಟಿ ನಿಮ್ಮ ಕೈಲೇ ಅಗಸ್ತೀನಿ," ಎಂದುಬಿಟ್ಟೆ. ಮರುದಿನವೇ ಹಿತ್ತಲಲ್ಲಿ ಬಟಾಟಿ, ಅಂದರೆ ಆಲೂಗಡ್ಡೆ, ಊರಿದೆ. ಅಂದಿನಿಂದ ನನ್ನ ಮರ್ಯಾದೆಯೂ ಮಣ್ಣಿನೊಳಗೇ ಇತ್ತು.

ದೀಪ

ಪಕ್ಕದ ಮನೆಯ ದ್ರಾಕ್ಷಿ ಬೆಳೆಗಾರರಿಗೆ ನನ್ನ ಮೇಲೆ ಭಾರೀ ಮಮತೆ. ತರಬೇತಿಗೆಂದು ಜತ್ತಕ್ಕೆ ಹೋಗಿ ಕೆಲವು ದಿನ ಬಿಟ್ಟು ಬಂದರೆ, ಬಟಾಟಿ ಮಡಿಯ ಮೇಲೆ ದೊಡ್ಡ ಬಲ್ಬು ಉರಿಯುತ್ತಿದೆ!

"ಇದೇನ್ರೀ?"

"ಡ್ರ್ಯಾಗನ್ ಫ್ರೂಟಿಗಿ ಹಚ್ಚತಾರಲ್ರಿ ಸರ್. ರಾತ್ರಿನೂ ಬೆಳೀಲಿ ಅಂತ."

"ಬಟಾಟಿಗಿ ಕತ್ತಲಿ ಬೇಕ್ರಿ. ರಾತ್ರಿ ಉದ್ದ ಆದ್ರನ ಎಲಿ, 'ಗಡ್ಡಿ ಕಟ್ಟು' ಅಂತ ಕೆಳಗ ಸುದ್ದಿ ಕಳಸ್ತದ."

ಅವರು ಬಲ್ಬು ಬಿಚ್ಚುತ್ತ ಮರುಗಿದರು: "ಅಂದ್ರ ಇಷ್ಟು ದಿನಾ ಪಾಪ, ಅವನ್ನ ನಿದ್ದಿಗೆಡಸಿದೆ ಅನ್ರಿ!"

ಔಷಧ

ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು, ದ್ರಾಕ್ಷಿ ಗೊನೆ ಉದ್ದವಾಗಲು ಬಳಸುವ ಜಿ.ಎ. ಹಾರ್ಮೋನನ್ನು ನನಗೆ ಹೇಳದೆ ಬಟಾಟಿಗೂ ಹೊಡೆದರು. ಗಿಡ ಸರ್ರನೆ ಎದ್ದು ನನ್ನ ಸೊಂಟ ಮುಟ್ಟಿತು. ಊರ ಮಂದಿ ನೋಡಿ ಹೊಗಳಿ ಹೋದರು. ನಾನು ತಲೆ ಚಚ್ಚಿಕೊಂಡೆ.

"ಇದು ಕಾಂಡ ಬೆಳಸೂ ಔಷಧರಿ! ಕೆಳಗ ಗಡ್ಡಿ ಕಟ್ಟೂದನ್ನ ತಡೀತದ."

"ಹೋಗ್ಲಿ ಬಿಡ್ರಿ ಸರ್. ಚಲೋ ಹಂದರಾ ಹಾಕ್ಕೊಡ್ತೀನಿ."

ಅವ್ವ

ಒಂದು ಮೂಲೆಯ ನಾಲ್ಕಾರು ಗಿಡ ಮಾತ್ರ ಅವರ ಔಷಧಕ್ಕೆ ಸಿಕ್ಕಿರಲಿಲ್ಲ. ಅಲ್ಲಿ ಗಡ್ಡೆ ಕಟ್ಟಿದವು. ನಮ್ಮ ಅವ್ವ ದಿನಾ ಮಣ್ಣು ಸರಿಸಿ ಅವನ್ನು ನೋಡುತ್ತಿದ್ದಳು, ಮುಚ್ಚುತ್ತಿರಲಿಲ್ಲ. ಬಿಸಿಲು ಬಿದ್ದು ಎಲ್ಲ ಹಸಿರಾಗಿ, ತಿನ್ನಲು ಬಾರದಂತಾದವು.

"ಮುಚ್ಚಬಾರದೇನಬೇ?"

"ಗಾಳಿ ಆಡ್ಲಿ ಅಂತ ಬಿಟ್ಟೆಪಾ. ಅವಕ್ಕೂ ಉಸಿರು ಕಟ್ಟೂದಿಲ್ಲೇನು?"

ಸಂಕ್ರಾಂತಿ

ಮಾವನವರು ಬಂದೇ ಬಂದರು. ಸೋತೆನೆಂದು ಒಪ್ಪಿಕೊಳ್ಳಲು ಬಾಯಿ ತೆರೆದೆ. ಅವ್ವ ಅಡ್ಡ ಬಂದು, "ಅಗೀರಿ ಬೀಗರ," ಎಂದಳು. ಅವರು ಕುರ್ಪಿ ಹಾಕಿದಲ್ಲೆಲ್ಲ ದುಂಡನೆಯ ಬಟಾಟಿ! ನಾನು ಬೆರಗಾಗಿ ನೋಡಿದರೆ ಅವ್ವ ಕಣ್ಣು ಹೊಡೆದಳು. ಮಗನ ಮಾನ ಕಾಯಲು ಸಂತೆಯಿಂದ ತಂದು ಹುಗಿದಿದ್ದಾಳೆಂದು ಆಗ ತಿಳಿಯಿತು. ನನಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮಾವನವರ ಕುರ್ಪಿಗೆ ಒಂದು ಈರುಳ್ಳಿ ಸಿಕ್ಕಿತು. ಅದರ ಬೆನ್ನಿಗೇ ಇನ್ನೊಂದು. ಅವಸರದಲ್ಲಿ ಅವ್ವ ಸಂತೆಯ ಚೀಲವನ್ನು ಇದ್ದಂತೆಯೇ ಮಣ್ಣಿಗೆ ಸುರಿದಿದ್ದಳು.

ಮಾವನವರು ನಗಲಿಲ್ಲ. ಉಳ್ಳಾಗಡ್ಡಿಯ ಮಣ್ಣು ಒರೆಸಿ ಬುಟ್ಟಿಗೆ ಹಾಕಿ, ನನ್ನತ್ತ ತಿರುಗಿದರು.

"ನಿಮಗ ಒಕ್ಕಲತನ ಬರ್ತದ, ಒಪ್ಪಿದೆರಿ ಅಳಿಯಂದ್ರ. ಪಲ್ಲೆಕ್ಕ ಮೆಣಸಿನಕಾಯಿನೂ ಬೇಕಲ್ಲ, ಎಲ್ಲಿ ಅಗೀಲಿ?"