ಚಿಕ್ಕಿಯ ಫೋನು ಹೇಳಿದ ಊರು

ನಮ್ಮ ಚಿಕ್ಕಿಗೆ ಇಡೀ ಭೂಮಂಡಲ ಗೊತ್ತಿತ್ತು, ಶಿರಸಿಯೊಂದನ್ನು ಬಿಟ್ಟು. ಚಿಕ್ಕಿ ಎಂದರೆ ನನ್ನ ಅಮ್ಮನ ತಂಗಿ. ಶಿರಸಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಟೀಚರು. ಮಕ್ಕಳ ಕಡೆ ಮುಖ ಮಾಡಿ ಮಾತಾಡುತ್ತಲೇ ಹಿಂದಿನ ಬೋರ್ಡಿನ ಮೇಲೆ ಆಫ್ರಿಕಾ ಖಂಡ ಬರೆದು ಮುಗಿಸುತ್ತಿದ್ದಳು. ಆದರೆ ಶಾಲೆಯ ಗೇಟು ದಾಟಿದ ಮೇಲೆ ಬಸ್‌ಸ್ಟ್ಯಾಂಡಿಗೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬಲ್ಲಿ ಅವಳ ವಿದ್ಯೆ ಮುಗಿಯುತ್ತಿತ್ತು. ಅಲ್ಲೇ ನಿಂತು, ಬಸ್ಸಿಗೆ ಹೋಗುವ ಮಕ್ಕಳು ಬರುವವರೆಗೆ ಕಾದು, ಅವರ ಬೆನ್ನ ಹಿಂದೆ ಹೊರಡುತ್ತಿದ್ದಳು. ಟೀಚರಿಗೆ ನಮ್ಮ ಮಕ್ಕಳ ಮೇಲೆ ಎಷ್ಟು ಕಾಳಜಿ, ಬಸ್ಸು ಹತ್ತಿಸುವ ತನಕ ಜೊತೆಗೆ ಬರುತ್ತಾರೆ ಎಂದು ಆ ಮಕ್ಕಳ ತಂದೆತಾಯಿಗಳು ಊರಿಡೀ ಹೊಗಳಿದ್ದರು.

"ಚಿಕ್ಕಿ, ಉತ್ತರ ಯಾವ ಬದಿಗೆ?" ಎಂದು ನಾನೊಮ್ಮೆ ಅಂಗಳದಲ್ಲಿ ನಿಂತು ಕೇಳಿದ್ದೆ.

"ನಕ್ಷೆಲಾದ್ರೆ ಮೇಲೆ. ಇಲ್ಲಿ ಎಂತದೋ, ಗೊತ್ತಿಲ್ಲೆ ತಮಾ" ಎಂದಳು. ಪ್ರಾಮಾಣಿಕಳು, ಅದರಲ್ಲಿ ಎರಡು ಮಾತಿಲ್ಲ.

ತೊಂಬತ್ತರ ದಶಕದಲ್ಲಿ ಯಲ್ಲಾಪುರದಲ್ಲಿ ಅವಳ ಸಹೋದ್ಯೋಗಿಯ ಮಗಳ ಮದುವೆಯಿತ್ತು. ಚಿಕ್ಕಿ ಒಬ್ಬಳೇ ಹೋದಳು. ಬಾಳೆಕಂಬ ಕಟ್ಟಿದ ಮೊದಲ ಚಪ್ಪರ ಕಂಡದ್ದೇ ಒಳಗೆ ನುಗ್ಗಿ, ಅಕ್ಷತೆ ಹಾಕಿ, ಸ್ಟೀಲಿನ ಡಬ್ಬಿ ಕೈಗಿತ್ತು, ಊಟ ಮಾಡಿ ಬಂದಳು. ಸಹೋದ್ಯೋಗಿ ಮರುದಿನ ಮಾತು ಬಿಟ್ಟಾಗಲೇ ತಾನು ಬೇರೆ ಯಾರದೋ ಮದುವೆ ಮುಗಿಸಿ ಬಂದಿದ್ದೇನೆಂದು ಅವಳಿಗೆ ತಿಳಿದದ್ದು. ನಾಚಿಕೆಯಾಗಬೇಕಲ್ಲವೇ? ಆಗಲಿಲ್ಲ. ಹುಡುಗಿ ಪಾಪದವಳು, ಹೋಳಿಗೆ ಮೆತ್ತಗಿತ್ತು ಎಂದು ವರದಿ ಒಪ್ಪಿಸಿದಳು. ಮುಂದೆ ಆ ಮನೆಯವರು ಮಗುವಿನ ನಾಮಕರಣಕ್ಕೆ ಕರೆದರು. ಅದಕ್ಕೂ ಹೋದಳು. ಆ ಸಲ ದಾರಿ ತಪ್ಪದಂತೆ ಚಿಕ್ಕಪ್ಪನೇ ಕರೆದುಕೊಂಡು ಹೋದ.

ಚಿಕ್ಕಪ್ಪ ಮಾತು ಕಡಿಮೆಯವನು. ಸಹಕಾರಿ ಸಂಘಗಳ ತಪಾಸಣೆಗೆಂದು ನೌಕರಿಯಿಡೀ ಮೂರು ತಾಲೂಕು ಸುತ್ತಿದ್ದ. ಹೆಂಡತಿಯನ್ನು ಒಂದು ದಿನವೂ ಅಣಕಿಸಿದವನಲ್ಲ. ಅವಳು ಎಲ್ಲಿಗೆ ಹೊರಟರೂ ಸ್ಕೂಟರು ತೆಗೆಯುತ್ತಿದ್ದ, ಅಷ್ಟೆ.

ಅವನು ನಿವೃತ್ತನಾಗಿ, ಇಬ್ಬರೂ ಶಿರಸಿ ಹತ್ತಿರದ ಇಸಳೂರಿನಲ್ಲಿ ಹೊಸ ಮನೆ ಕಟ್ಟಿಸಿಕೊಂಡ ಮೇಲೆ ನಮ್ಮ ಕಡೆ ಮೊಬೈಲು ಬಂತು. ಮನೆಗೆರಡು ಸಣ್ಣ ಫೋನುಗಳು, ಅವನಿಗೊಂದು, ಅವಳಿಗೊಂದು. ಅವರ ಮಾಳಿಗೆಯಲ್ಲಿ ಹಾವೇರಿ ಕಡೆಯ ಒಬ್ಬ ಗೃಹಸ್ಥ ಸಂಸಾರ ಸಮೇತ ಬಾಡಿಗೆಗಿದ್ದ. ಮೊಬೈಲ್ ಟವರುಗಳ ಉಸ್ತುವಾರಿ ಅವನ ಕೆಲಸ. ಅವನು ಎರಡೂ ಫೋನುಗಳಲ್ಲಿ ಏನೋ ಒತ್ತಿ, ಹತ್ತಿರದ ಟವರಿನ ಹೆಸರು ತೆರೆಯ ಮೇಲೆ ಕಾಣುವಂತೆ ಮಾಡಿಕೊಟ್ಟ. ಇಸಳೂರಿನಲ್ಲಿದ್ದರೆ ಇಸಳೂರು, ಪೇಟೆಗೆ ಹೋದರೆ ಶಿರಸಿ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ.

ಅಲ್ಲಿಂದ ಚಿಕ್ಕಿಯ ಕಾಲ ಶುರುವಾಯಿತು. ಜನ್ಮವಿಡೀ ಬೇರೆಯವರನ್ನು ಕೇಳಿ ಬದುಕಿದವಳಿಗೆ, ಕೇಳದೆಯೇ ಊರ ಹೆಸರು ಹೇಳುವ ಒಂದು ಜೀವ ಸಿಕ್ಕಿತಲ್ಲ! ಕಿಟಕಿಯಾಚೆ ನೋಡುವುದನ್ನೇ ಬಿಟ್ಟಳು. ಸಿದ್ದಾಪುರ ತಾಲೂಕಿನ ಗುಡ್ಡದ ಮೇಲಿನ ಒಂದು ಮನೆಗೆ ನಾವೆಲ್ಲ ಊಟಕ್ಕೆ ಹೋಗಿದ್ದಾಗ ಅವಳ ಫೋನು ಘಟ್ಟದ ಕೆಳಗಿನ ಯಾವುದೋ ಟವರಿಗೆ ಗಂಟುಬಿದ್ದು ಕುಮಟಾ ಎಂದು ತೋರಿಸಿತು. ಬಡಿಸುತ್ತಿದ್ದ ಮನೆಯೊಡತಿಯನ್ನು ಚಿಕ್ಕಿ ಗಂಭೀರವಾಗಿ ಕೇಳಿದಳು: "ಕುಮಟಾದಲ್ಲಿ ಯಾವಾಗ್ಲೂ ಇಷ್ಟು ತಂಪು ಇರ್ತಾ?"

ಮನೆಯೊಡತಿ ಸಾರಿನ ಸೌಟು ಹಿಡಿದು ಗಂಡನ ಮುಖ ನೋಡಿದಳು. ಗಂಡ ನಮ್ಮ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ ಎಲೆ ನೋಡಿಕೊಂಡು, "ಸಾರು ಹಾಕಿ" ಎಂದ.

ಕಿರವತ್ತಿಯದು ಇದಕ್ಕಿಂತ ದೊಡ್ಡದು. ಪರೀಕ್ಷೆಯ ಮೇಲ್ವಿಚಾರಣೆಗೆ ಅವಳನ್ನು ಅಲ್ಲಿಗೆ ಹಾಕಿದ್ದರು. ಯಲ್ಲಾಪುರದಿಂದ ಹೊರಟ ಬಸ್ಸು ಇನ್ನೂ ಕಾಡಿನಲ್ಲಿರುವಾಗಲೇ ಫೋನಿನಲ್ಲಿ ಕಿರವತ್ತಿ ಎಂದು ಬಂತು. ಚಿಕ್ಕಿ ಎದ್ದು ನಿಂತಳು.

"ಕುಂದರ್ರಿ ಅಕ್ಕೋರೆ, ಕಿರವತ್ತಿ ಇನ್ನೂ ಮುಂದ ಐತಿ" ಎಂದ ಕಂಡಕ್ಟರ್.

"ಟವರೇ ಹೇಳ್ತಾ ಇದೆಯಲ್ಲ, ಬಂತು ಅಂತ."

"ಟಿಕೆಟ್ ಕೊಟ್ಟಾಂವ ನಾ ಅದೀನ್ರಿ, ಟವರ್ ಅಲ್ಲ."

ಟೀಚರಿಗೆ ಎದುರು ಮಾತಾಡಿ ಗೆದ್ದವರುಂಟೇ? ಇಳಿದೇ ಬಿಟ್ಟಳು. ಸುತ್ತ ಸಾಗವಾನಿ ಮರಗಳು. ಕೊನೆಗೆ ಹೆದ್ದಾರಿಯ ಧಾಬಾದವನೊಬ್ಬ ತರಕಾರಿ ತುಂಬಿದ ಟೆಂಪೊ ನಿಲ್ಲಿಸಿ, "ಇಲ್ಲಿ ಯಾರಿಗ್ರೀ ಪರೀಕ್ಷೆ? ಮಂಗ್ಯಾಗೋಳಿಗೇನು?" ಎಂದು ವಿಚಾರಿಸಿ, ಎಲೆಕೋಸಿನ ಪಕ್ಕ ಕೂರಿಸಿಕೊಂಡು ಹೋಗಿ ಶಾಲೆಯ ಬಾಗಿಲಿಗೆ ಇಳಿಸಿದ.

ಆ ಸಂಜೆ ಚಿಕ್ಕಿ ಮಾಳಿಗೆ ಹತ್ತಿ ಬಾಡಿಗೆಯವನನ್ನು ತರಾಟೆಗೆ ತೆಗೆದುಕೊಂಡಳು. ಅವನು ತಣ್ಣಗೆ ವಿವರಿಸಿದ. "ಟೀಚರ್, ತಾ ಎಲ್ಲದೀನಿ ಅಂತ ಈ ಫೋನಿಗೆ ಗೊತ್ತಿಲ್ರಿ. ಯಾವ ಟವರ್ ಗಟ್ಟಿ ಸಿಗತೈತಿ, ಅದರ ಹೆಸರು ತೋರಸ್ತೈತಿ. ಟವರಿನಿಂದ ಹರದಾರಿ ದೂರ ಇದ್ರೂ ಅದ ಹೆಸರ."

"ಹಾಗಾದ್ರೆ ಫೋನು ಬಂದಾಗ ನಾನೆಲ್ಲಿದ್ದೇನೆ ಅಂತ ಟವರಿಗೆ ಹೇಗೆ ತಿಳೀತು?"

"ಫೋನು ಆಗಾಗ ಹಾಜರಿ ಹೇಳ್ತಿರತೈತ್ರಿ. ನೀವು ಈ ಭಾಗದಾಗ ಅದೀರಿ ಅನ್ನೂದು ಅವರ ಕಡೆ ಇರತೈತಿ. ಇಂಥ ಮರದ ಬುಡಕ್ಕ ಅಂತ ತಿಳಿಯಂಗಿಲ್ಲ. ಅದಕ್ಕ ಮೂರು ಟವರಿನಿಂದ ದೂರ ಗೊತ್ತಾಗಬೇಕು."

ಹಾಜರಿ ಎಂಬ ಮಾತು ಕೇಳಿದ್ದೇ ಚಿಕ್ಕಿಯ ಸಿಟ್ಟು ಇಳಿಯಿತು. ಮೂರು ಟವರು ಎಂದದ್ದೇ ಕಣ್ಣು ಅರಳಿತು. ಒಂದರ ಸುತ್ತ ಒಂದು ವೃತ್ತ, ಇನ್ನೊಂದರ ಸುತ್ತ ಇನ್ನೊಂದು. ಮೂರೂ ಕೂಡುವಲ್ಲಿ ನೀವು. ಇದು ಅವಳ ಸ್ವಂತ ವಿದ್ಯೆ. ಮರುದಿನವೇ ಶಾಲೆಯ ಮೈದಾನದಲ್ಲಿ ಮೂವರು ಹುಡುಗಿಯರನ್ನು ಟವರುಗಳಾಗಿ ನಿಲ್ಲಿಸಿ, ಹಗ್ಗ ಕೊಟ್ಟು, ವೃತ್ತ ಎಳೆಸಿದಳು. ಮೂರು ಹಗ್ಗಗಳೂ ಕೂಡಿದ ಜಾಗದಲ್ಲಿ ಹೆಡ್‌ಮಾಸ್ತರರು ನಿಂತು ವೀಳ್ಯದೆಲೆ ಮೆಲ್ಲುತ್ತಿದ್ದರು. "ನೋಡಿ ಮಕ್ಕಳೇ, ಸಿಕ್ಕಿದರು" ಎಂದಳಂತೆ.

ಇಷ್ಟರವರೆಗೆ ನಾನೂ ನಕ್ಕವನೇ.

ಒಂದು ಭಾನುವಾರ ನಾನು ನನ್ನ ವ್ಯಾನಿನಲ್ಲಿ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಚಿಕ್ಕಪ್ಪ ಬೆಳಿಗ್ಗೆಯೇ ಬನವಾಸಿ ಬಳಿಯ ಗುಡ್ನಾಪುರದ ಸ್ನೇಹಿತನನ್ನು ನೋಡಲು ಸ್ಕೂಟರಿನಲ್ಲಿ ಹೋಗಿದ್ದವನು, ಊಟದ ಹೊತ್ತಿಗೆ ಬರುತ್ತೇನೆಂದಿದ್ದ. ಊಟದ ಹೊತ್ತು ಮೀರಿತು. ಸ್ನೇಹಿತನಿಗೆ ಕೇಳಿದರೆ, ಆಗಲೇ ಹೊರಟನಲ್ಲ ಎಂದ. ಚಿಕ್ಕಿ ಗಂಡನಿಗೆ ಫೋನು ಮಾಡಿದಳು.

"ಎಲ್ಲಿದ್ರಿ?"

"ಗೊತ್ತಿಲ್ಲೆ" ಎಂದ.

ಚಿಕ್ಕಿ ನಕ್ಕಳು. "ನನ್ನ ಅಣಕಿಸಡಿ. ಅನ್ನ ತಣ್ಣಗಾತು."

"ಇಲ್ಲೊಂದು ರಸ್ತೆ ಇದ್ದು. ಯಾವ ರಸ್ತೆ ಹೇಳಿ ಗೊತ್ತಾಗ್ತಿಲ್ಲೆ. ಕೈ ನಡಗ್ತು. ಬೆವರ್ತು."

ನಗು ನಿಂತಿತು. ಅವನು ಸಕ್ಕರೆ ಕಾಯಿಲೆಯವನು. ಬೆಳಿಗ್ಗೆ ಮಾತ್ರೆ ನುಂಗಿ, ಹೊಟ್ಟೆಗೆ ಸರಿಯಾಗಿ ಹಾಕಿಕೊಳ್ಳದೆ ಬಿಸಿಲಿನಲ್ಲಿ ಹೊರಟಿದ್ದಾನೆಂದು ಅವಳಿಗೆ ಆ ಕ್ಷಣಕ್ಕೇ ಹೊಳೆಯಿತು. ಸಕ್ಕರೆ ಕೆಳಗಿಳಿದರೆ ಮನುಷ್ಯನಿಗೆ ತಲೆ ಓಡುವುದಿಲ್ಲ. ಹಾಗೇ ಬಿಟ್ಟರೆ ಎಚ್ಚರವೂ ತಪ್ಪುತ್ತದೆ.

"ಹತ್ರ ಯಾರಾದ್ರೂ ಇದ್ದ್ವಾ?"

"ಯಾರೂ ಇಲ್ಲೆ."

"ಗಾಡಿ ಹತ್ತಡಿ. ಕೂತಲ್ಲೇ ಇರಿ. ಆನು ಫೋನು ಇಡ್ತೆ. ನಿಂಗ ತೆರೆ ಮೇಲೆ ಎಂತ ಬರದ್ದು ಹೇಳಿ ನೋಡಿ. ತಿರುಗಿ ಮಾಡ್ತೆ."

ಮಾತಾಡುತ್ತಿರುವಾಗ ಟವರಿನ ಹೆಸರು ಬದಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮತ್ತೆ ಮಾಡಿದಾಗ ಚಿಕ್ಕಪ್ಪ ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದೇ ಅಕ್ಷರ ಹೇಳಿದ. ಬನವಾಸಿ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಮಾಡಿದಳು. ಈಗ ಬೇರೆ ಬಂದಿದೆ ಎಂದ. ಅಕ್ಷರ ಕೂಡಿಸಿದರೆ ದಾಸನಕೊಪ್ಪ. ಕೂತಲ್ಲೇ ಕೂತ ಮನುಷ್ಯನಿಗೆ ಎರಡು ಊರು.

ಚಿಕ್ಕಿ ಹಜಾರದ ಗೋಡೆಯ ತಾಲೂಕು ನಕ್ಷೆಯ ಮುಂದೆ ನಿಂತಳು. ಬನವಾಸಿಯ ಮೇಲೊಂದು ಬೆರಳು, ದಾಸನಕೊಪ್ಪದ ಮೇಲೊಂದು. "ಎರಡೂ ಟವರು ಒಂದೇ ಸಮ ಸಿಗ್ತಾ ಇದ್ದು ಹೇಳಾದ್ರೆ ಇವೆರಡ್ರ ಮಧ್ಯ ಇದ್ದ. ದೊಡ್ಡ ರಸ್ತೆ ಬಿಟ್ಟು ಒಳದಾರಿ ಹಿಡಿದಿದ್ದ. ತಮಾ, ವ್ಯಾನ್ ತೆಗಿ."

ಬೆಲ್ಲ, ನೀರು, ಗೋಡೆಯಿಂದ ಬಿಚ್ಚಿದ ನಕ್ಷೆ ತೆಗೆದುಕೊಂಡು ಹೊರಟೆವು. ಬಸ್‌ಸ್ಟ್ಯಾಂಡಿಗೆ ದಾರಿ ಗೊತ್ತಿಲ್ಲದವಳು ಪಕ್ಕದಲ್ಲಿ ಕೂತು ನನಗೆ ದಾರಿ ಹೇಳುತ್ತಿದ್ದಾಳೆ ಎಂಬುದು ನನ್ನ ಹೆದರಿಕೆಗೆ ಇನ್ನೊಂದಿಷ್ಟು ಸೇರಿತ್ತು, ಸುಳ್ಳೇಕೆ ಹೇಳಲಿ? ಆದರೆ ಅವಳು ಹೊರಗೆ ನೋಡಲೇ ಇಲ್ಲ. ಮಡಿಲಲ್ಲಿ ನಕ್ಷೆ, ಕೈಯಲ್ಲಿ ಫೋನು. ದಾಸನಕೊಪ್ಪ ಎಂದು ತೋರಿಸುತ್ತಿದ್ದದ್ದು ಒಳರಸ್ತೆಯ ಒಂದು ಇಳಿಜಾರಿನಲ್ಲಿ ಬನವಾಸಿಯಾಯಿತು.

"ನಿಲ್ಸು."

ಇಳಿದು ನೋಡಿದೆವು. ಗದ್ದೆ, ಬಿದಿರು ಮೆಳೆ, ಬಿಸಿಲು. ಚಿಕ್ಕಪ್ಪ ಇಲ್ಲ. ಹಿಂದೆ ಹೋದರೆ ಹೆಸರು ಬೇರೆ ಕಡೆ ಬದಲಾಯಿತು. ಅದು ಗೆರೆ ಎಳೆದಂಥ ಗಡಿಯಾಗಿರಲಿಲ್ಲ, ಅಗಲವಾದ ಪಟ್ಟಿಯಾಗಿತ್ತು. ಚಿಕ್ಕಿ ಮತ್ತೆ ಫೋನು ಮಾಡಿ ಕಿವಿಗಿಟ್ಟುಕೊಂಡಳು. "ಫೋನು ಇಡಡಿ. ಮಾತಾಡೂದು ಬೇಡ. ಹಿಡ್ಕಂಡೇ ಇರಿ." ನನಗೆ, "ಮೆಲ್ಲ ಹೋಗು. ಪ್ರತಿ ತಿರುವಿಗೂ ಹಾರ್ನ್ ಮಾಡು."

ನಾನು ಒತ್ತಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮುಂದಿನ ತಿರುವಿನಲ್ಲಿ ಒತ್ತಿದೆ. ಇಲ್ಲ. ಒಂದು ಏರು ಹತ್ತಿ ಇಳಿದ ಮೇಲೆ ಒತ್ತಿದಾಗ ಅವಳ ಕೈ ಮೇಲೆದ್ದಿತು.

"ಬಂತು. ಫೋನಲ್ಲಿ ಬಂತು. ಸಣ್ಣಕೆ."

ನಮ್ಮದೇ ಹಾರ್ನು, ಅವನ ಫೋನಿನ ಮೂಲಕ ಸುತ್ತಿ ಬಂದು ಅವಳ ಕಿವಿಯಲ್ಲಿ ಕೇಳುತ್ತಿತ್ತು. ಇನ್ನೊಂದು ತಿರುವಿಗೆ ಜೋರಾಯಿತು. ಮೋರಿಯ ಕಟ್ಟೆಯ ಮೇಲೆ ಚಿಕ್ಕಪ್ಪ ಕೂತಿದ್ದ, ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು. ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮನ್ನು ನೋಡಿದ, ಯಾರೋ ದಾರಿಹೋಕರನ್ನು ನೋಡುವ ಹಾಗೆ.

ಚಿಕ್ಕಿ ಓಡಿಹೋಗಿ ಬೆಲ್ಲ ತಿನ್ನಿಸಿದಳು, ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅವನ ಕಣ್ಣಿಗೆ ಕಳೆ ಬಂತು. ಅದು ಬಂದದ್ದು ಖಾತ್ರಿಯಾದ ಮೇಲೆ ಬೈಯಲು ಶುರುಮಾಡಿದಳು. ಮಾತ್ರೆ ನುಂಗಿದವರು ಉಣ್ಣದೆ ತಿರುಗುವುದುಂಟೇ, ಬುದ್ಧಿ ಎಲ್ಲಿ ಹೋಗಿತ್ತು ಎಂದು, ಶಿರಸಿಯ ಡಾಕ್ಟರ ಬಾಗಿಲಿನವರೆಗೂ ಬೈದಳು.

ಸಂಜೆಯ ತನಕ ಅಲ್ಲೇ ಮಲಗಿಸಿ ನೋಡಿಕೊಂಡರು. ಹೆದರುವಂಥದ್ದಿಲ್ಲ, ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಡಾಕ್ಟರು. ಚಿಕ್ಕಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದಳು. ನನಗೊಂದು ಕುತೂಹಲ ಉಳಿದಿತ್ತು.

"ಚಿಕ್ಕಪ್ಪ, ರಸ್ತೆ ಗೊತ್ತಾಗ್ಲಿಲ್ಲೆ, ಎದುರಿಗೆ ಬಂದ್ರೆ ನಮ್ಮ ಗುರುತೂ ಹತ್ಲಿಲ್ಲೆ. ಮತ್ತೆ ಫೋನಲ್ಲಿ ಹೇಳಿದ್ದು ಮಾತ್ರ ಹ್ಯಾಂಗೆ ಒಂದೂ ತಪ್ಪದೇ ಮಾಡಿದೆ?"

ಅವನು ಮೇಲಿನ ಫ್ಯಾನು ನೋಡುತ್ತ ಯೋಚಿಸಿದ.

"ಯಾರು ಮಾತಾಡ್ತಾ ಇದ್ದು ಹೇಳಿ ನಂಗೆ ಗೊತ್ತಾಗ್ಲಿಲ್ಲೆ ತಮಾ. ಹೆಸರೂ ನೆಂಪಾಗ್ಲಿಲ್ಲೆ. ಹೆಂಡ್ತಿ ಹೇಳೂ ಹೊಳೀಲಿಲ್ಲೆ" ಎಂದ. "ಆದ್ರೆ ಈ ದನಿ ಹೇಳಿದ ಹಾಂಗೆ ಮಾಡಿದ್ರೆ ಎಂತೂ ಆಗ್ತಿಲ್ಲೆ ಹೇಳಿ ಅನ್ನಿಸ್ತು. ಅದೊಂದು ಗೊತ್ತಿತ್ತು."

ಚಿಕ್ಕಿಯ ಕೈ ಸುಲಿಯುವುದನ್ನು ನಿಲ್ಲಿಸಿತು. ಮುಖ ಎತ್ತಲಿಲ್ಲ. ಅವರ ಕಾಲದ ಗಂಡಹೆಂಡಿರು. ನಾಲ್ಕು ಜನರೆದುರು ಒಬ್ಬರ ಪಕ್ಕ ಒಬ್ಬರು ಕೂತದ್ದನ್ನೂ ನಾನು ಕಂಡವನಲ್ಲ. ಅವಳು ಒಂದು ತೊಳೆಯ ಸಿಪ್ಪೆ ನಿಧಾನವಾಗಿ ಬಿಡಿಸಿ, ಬೀಜ ತೆಗೆದು, ಅವನ ಬಾಯಿಯ ಹತ್ತಿರ ಹಿಡಿದಳು.

"ಮಾತು ಸಾಕು," ಎಂದಳು, "ಬಾಯಿ ತೆಗೀರಿ."