ಅಧಿಕ ಮಾಸದಲ್ಲಿ ಸಿಕ್ಕಿಬಿದ್ದ ಕಂಪನಿ

ತಿಥಿ ನೋಡಿ ಕಂಪನಿಯ ಹುಟ್ಟುಹಬ್ಬ ಆಚರಿಸುವ ದಂತವೈದ್ಯರು ಈ ಜಗತ್ತಿನಲ್ಲಿ ಒಬ್ಬರೇ ಒಬ್ಬರು. ಅವರು ನಮ್ಮಕ್ಕನ ಗಂಡ. ದೇವರಿಗೆ ನನ್ನ ಮೇಲೆ ಯಾವ ಜನ್ಮದ ಸಿಟ್ಟಿತ್ತೋ!

ಭಾವನ ಕ್ಲಿನಿಕ್ ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ. ಗೋಡೆಯ ಮೇಲೆ ಹಲ್ಲುಜ್ಜುವ ಕ್ರಮದ ಪಟ, ಅದರ ಪಕ್ಕದಲ್ಲೇ ಮೈಸೂರಿನಿಂದ ತರಿಸಿದ ಪಂಚಾಂಗ. ಅಮಾವಾಸ್ಯೆಯಂದು ಅವರು ಹಲ್ಲು ಕೀಳುವುದಿಲ್ಲ. ರಾಹುಕಾಲದಲ್ಲಿ ಸೂಜಿ ಮುಟ್ಟುವುದಿಲ್ಲ. ಒಮ್ಮೆ ಕೆನ್ನೆ ಊದಿಸಿಕೊಂಡು ಬಂದ ಲಾರಿ ಡ್ರೈವರನೊಬ್ಬನನ್ನು, ರಾಹು ಹೋದ ಮೇಲೆ ನೋಡುತ್ತೇನೆಂದು ಹೊರಗೆ ಕೂರಿಸಿದರಂತೆ. ಪಾಪ, ಅವನು ಅಲ್ಲಿಯ ನರ್ಸನ್ನು, ನಮ್ಮ ಮಂಗಳೂರಿನ ಹುಡುಗಿಯನ್ನು, ಮೆಲ್ಲಗೆ ಕೇಳಿದನಂತೆ: "ಈ ರಾಹು ಅನ್ನೋರು ಇಲ್ಲಿಯ ಸೀನಿಯರ್ ಡಾಕ್ಟರಾ?"

ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರಲ್ಲ, ಆಗ ರಾಹುಕಾಲದ ಗತಿಯೇನು ಎಂದು ನಾನೊಮ್ಮೆ ಕೆಣಕಿದೆ.

"ಗಡಿಯಾರ ತಿರುಗಿಸೋದು ಸರ್ಕಾರ ಕಣಯ್ಯಾ. ರಾಹು ಏನು ಸರ್ಕಾರಿ ನೌಕರನಾ? ನಾವೇ ಒಂದು ಗಂಟೆ ಸೇರಿಸ್ಕೋಬೇಕು."

ಇದಕ್ಕೆ ಉತ್ತರ ನಿಮಗೆ ಹೊಳೆಯುತ್ತದೆಯೇ?

ಹೀಗಿರುವಾಗ ಒಂದು ಬೆಳಿಗ್ಗೆ ಮೆಲ್ಬರ್ನಿನ ನಮ್ಮ ಮನೆಗೆ ಅಕ್ಕನ ಫೋನು ಬಂತು.

"ಲೋ, ನಮ್ಮ ಕಂಪನಿ ಹೆಸರನ್ನೇ ಹೊಡೆದು ಹಾಕ್ತಾರಂತೆ ಕಣೋ!"

ಕೈಲಿದ್ದ ಕಾಫಿ ಅಂಗಿಯ ಮೇಲೆ ಬಿತ್ತು. ಕ್ಲಿನಿಕ್ ನಡೆಯುವುದೇ ಆ ಕಂಪನಿಯ ಹೆಸರಿನಲ್ಲಿ. ಅದು ನೋಂದಣಿಯಾದ ತಾರೀಖು ಪ್ರತಿ ವರ್ಷ ಬಂದಾಗ ವಾರ್ಷಿಕ ವಿವರಕ್ಕೆ ಸಹಿ ಹಾಕಿ ಸರ್ಕಾರದ ಕಂಪನಿ ಇಲಾಖೆಗೆ ಒಪ್ಪಿಸಬೇಕು, ಇಲ್ಲದಿದ್ದರೆ ಕಂಪನಿಯೇ ರದ್ದು. ಭಾವ ನೋಂದಣಿ ಮಾಡಿಸಿದ್ದು ವಿಜಯದಶಮಿಯಂದು. ಹಾಗಾಗಿ ಅವರ ಲೆಕ್ಕದಲ್ಲಿ ಕಂಪನಿಗೆ ವರ್ಷ ತುಂಬುವುದೂ ವಿಜಯದಶಮಿಗೇ! ಆ ವರ್ಷ ಅಧಿಕ ಮಾಸ ಬಂದು ಹಬ್ಬ ಮುಂದಕ್ಕೆ ಹೋಯಿತು. ಹಬ್ಬದ ಬೆನ್ನಿಗೆ ಭಾವನ ಸಹಿಯೂ ಮುಂದಕ್ಕೆ ಹೋಯಿತು. ಆಮೇಲೆ ಒಳ್ಳೆಯ ದಿನ ಸಿಗಲಿಲ್ಲ. ಅಷ್ಟರಲ್ಲಿ ಧನುರ್ಮಾಸ ಬಂತು. ಅಕೌಂಟೆಂಟಿಗೆ, ತಾವು ಹೇಳುವವರೆಗೆ ಕೈಹಾಕಕೂಡದೆಂದು ತಾಕೀತು ಬೇರೆ. ಇಲಾಖೆ ನೋಟಿಸಿನ ಮೇಲೆ ನೋಟಿಸ್ ಕಳಿಸಿದರೆ, "ಪಾಪ, ಅವರಿಗೆ ಅಧಿಕ ಮಾಸ ಗೊತ್ತಿಲ್ಲ" ಎಂದು ಮರುಕಪಟ್ಟು ಎತ್ತಿಟ್ಟರಂತೆ. ಇಲಾಖೆಯ ಮೇಲೆ ಮರುಕ! ಕೇಳಿದ್ದೀರಾ ಎಲ್ಲಾದರೂ?

"ಹೋದ್ರೆ ಹೋಗ್ಲಿ ಬಿಡಕ್ಕ, ಇನ್ನೊಂದು ಕಂಪನಿ ಮಾಡಿಸ್ಕೊಳ್ಳಲಿ."

"ಆ ನರ್ಸ್ ಹುಡುಗಿ ಏನಾಗ್ಬೇಕೋ? ಅವಳನ್ನ ಸ್ಪಾನ್ಸರ್ ಮಾಡಿರೋದು ಇದೇ ಕಂಪನಿ. ಇದು ಹೋದ್ರೆ ಅವಳ ವೀಸಾನೂ ಹೋಯ್ತು. ಇನ್ನೇನು ಇಲ್ಲೇ ಖಾಯಂ ಇರೋಕೆ ಪಿಆರ್ ಬರೋ ಟೈಮು, ಗಂಡ ಮಗು ಕಟ್ಕೊಂಡು ವಾಪಸ್ ಹೋಗ್ತಾಳಾ? ನಾಳೆ ಶುಕ್ರವಾರವೇ ಕೊನೇ ದಿನ. ನಾನು ಬಾಯಿ ತೆಗೆದ್ರೆ ನಿಮ್ಮ ಭಾವ ಪಂಚಾಂಗ ತೆಗೀತಾರೆ. ನೀನೇ ಬಂದು ಹೇಳು."

ಮರುದಿನ ಬೆಳಗಿನ ವಿಮಾನ ಹತ್ತಿದೆ. ಭಾವನನ್ನು ಎಳೆದುಕೊಂಡು ಸಿಡ್ನಿಯಲ್ಲೇ ನಾರ್ವೆಸ್ಟ್ ಎಂಬಲ್ಲಿದ್ದ ಅಕೌಂಟೆಂಟ್ ಆಫೀಸು ತಲುಪಿದಾಗ ಮಧ್ಯಾಹ್ನ ಹನ್ನೆರಡು. ಕಾಗದಗಳು ಸಿದ್ಧವಾಗಿದ್ದವು. ಭಾವ ಪೆನ್ನು ತೆಗೆದರು, ಗಡಿಯಾರ ನೋಡಿದರು, ಪೆನ್ನನ್ನು ಮತ್ತೆ ಜೇಬಿಗೆ ಸೇರಿಸಿದರು.

"ಒಂದು ಗಂಟೆವರೆಗೆ ರಾಹುಕಾಲ."

ಅಕೌಂಟೆಂಟ್ ಕಣ್ಣು ಕಣ್ಣು ಬಿಟ್ಟ. ಹನ್ನೆರಡೂವರೆಗೆ ಅವನು ಏರ್‌ಪೋರ್ಟಿಗೆ ಹೊರಡಬೇಕು. "ಸೋಮವಾರ ನಾನಿರ್ತೀನಿ ಡಾಕ್ಟರ್, ನಿಮ್ಮ ಕಂಪನಿ ಇರಲ್ಲ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಭಾವ, ನಿಮಗೆ ತಲೆ ಗಿಲೆ ಕೆಟ್ಟಿದೆಯಾ?"

ಅವರು ಮೇಜನ್ನೇ ನೋಡುತ್ತ ಹೇಳಿದರು: "ನಮ್ಮಪ್ಪ ರಾಹುಕಾಲದಲ್ಲಿ ಆಪರೇಷನ್ನಿಗೆ ಸಹಿ ಹಾಕಿ ಒಳಗೆ ಹೋದ್ರು ಕಣಯ್ಯಾ. ಆಚೆ ಬರಲಿಲ್ಲ."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. ಆದರೂ ಬಂದ ಕೆಲಸ ಬಿಡುವ ಹಾಗಿರಲಿಲ್ಲ. ನರ್ಸಿನ ವಿಷಯ ಹೇಳಿದೆ.

"ಏನಂದೆ? ಅವಳ ವೀಸಾನಾ?"

"ಹೌದು. ಕಂಪನಿ ಹೋದ್ರೆ ಅವಳು, ಗಂಡ, ಮಗು ಎಲ್ಲ ಗಂಟುಮೂಟೆ ಕಟ್ಟಬೇಕು."

ಭಾವನ ಮುಖ ಬಿಳಿಚಿಕೊಂಡಿತು. "ಮೊದಲೇ ಹೇಳಕ್ಕೇನಾಗಿತ್ತು?" ಎಂದು ನನ್ನನ್ನೇ ಗದರಿ ಕಾಗದ ಎಳೆದುಕೊಂಡರು. ಒಂದು ಪುಟ ಬಿಡದೆ ಸಹಿ ಹಾಕಿದರು. ಅಕೌಂಟೆಂಟ್ ಅಲ್ಲೇ ಕಂಪ್ಯೂಟರಿನಲ್ಲಿ ಕಳಿಸಿ, ಕಂಪನಿ ಉಳಿಯಿತು ಎಂದು ಹೆಬ್ಬೆರಳು ತೋರಿಸಿದ.

ಕೆಳಗೆ ಕಾರಿನ ಬಳಿ ಬಂದೆವು. ನಗಬೇಕೆನ್ನಿಸುವಷ್ಟು ಖುಷಿ ನನಗೆ. ಭಾವ ಮಾತ್ರ ಬಾಗಿಲು ಹಿಡಿದು ನಿಂತೇ ಇದ್ದರು.

"ಅಕಸ್ಮಾತ್ ನನಗೇನಾದ್ರೂ ಆದ್ರೆ, ನಿಮ್ಮಕ್ಕನ್ನ ನೋಡ್ಕೋತೀಯಲ್ಲಯ್ಯಾ?"

ತಮಾಷೆಯಲ್ಲ, ಅವರು ನಿಜವಾಗಿಯೂ ಕೇಳುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. "ನೋಡ್ಕೋತೀನಿ ಭಾವ" ಎಂದೆ.